ಬಿಳಿ ಕಾರಿನ ಬ್ಯಾಟರಿ ಇಳಿದ ಕಾರಣ

ನಿಂಬರ್ಗಾ, ತಾ. ಆಳಂದ
೧೧-೧೨-೨೦೨೫, ಗುರುವಾರ

ಪ್ರೀತಿಯ ಗುರುಲಿಂಗಾ,

ಮೊದಲು 'ಚಿರಂಜೀವಿ' ಎಂದೇ ಬರೆದಿದ್ದೆ, ಆಮೇಲೆ ಆ ಹಾಳೆ ಹರಿದುಹಾಕಿದೆ. ಮೂವತ್ತೊಂದು ವರ್ಷ ಈ ಊರಿನ ಅಂಚೆ ಮಾಸ್ತರನಾಗಿ ಎಷ್ಟು ಮಂದಿಯ ಪರವಾಗಿ ಅವರ ಮಕ್ಕಳಿಗೆ ಪತ್ರ ಬರೆದುಕೊಟ್ಟೆನೋ ಲೆಕ್ಕವಿಲ್ಲ. ಎಲ್ಲರ ಮಕ್ಕಳಿಗೂ 'ಪ್ರೀತಿಯ' ಎಂದೇ ಬರೆದೆ. ನನ್ನ ಸ್ವಂತ ಮಗನಿಗೆ ಒಂದು ಸಲವೂ ಬರೆದ ನೆನಪಿಲ್ಲ. ಈಗ ಬರೆದಿದ್ದೇನೆ. ಓದಿ ನಗಬೇಡ. ನಗು ಬಂದರೂ ಬರಲಿ, ಪತ್ರ ಮಾತ್ರ ಪೂರ್ತಿ ಓದು.

ನಿನ್ನ ಕೆಮ್ಮು ಹೇಗಿದೆ? ಈ ತಿಂಗಳು ಲಾತೂರಿನ ಬೇಳೆ ಮಿಲ್ಲುಗಳಲ್ಲಿ ಹೊಸ ತೊಗರಿ ಬಂದು ಬೀಳುತ್ತದೆ, ಹೊಟ್ಟಿನ ಧೂಳು ಕಣ್ಣು ಬಿಡಗೊಡುವುದಿಲ್ಲ ಎಂದು ನಾಗರತ್ನಾ ಹೇಳಿದಳು. ನೀನು ಓಡಿಸುವ ಪಿಕಪ್ಪಿನಲ್ಲಿ ಮಾಲು ತುಂಬುವಾಗ ಮೂಗಿಗೆ ವಸ್ತ್ರ ಕಟ್ಟಿಕೋ. ಸಣ್ಣವನಿದ್ದಾಗ ರಾಶಿಯ ಕಣಕ್ಕೆ ಹೋಗಿ ಬಂದರೆ ಎಂಟು ದಿನ ಕೆಮ್ಮುತ್ತಿದ್ದೆ. ನಿಮ್ಮವ್ವ ಬೆಲ್ಲ, ಅರಿಸಿನ ಕಾಸಿ ಕುಡಿಸುತ್ತಿದ್ದಳು. ಶಿವಕಾಂತಾಳ ಮೊಣಕಾಲು ನೋವು ಕಡಿಮೆಯಾಯಿತೇ? ಹಬ್ಬ ಹುಣ್ಣಿಮೆಗೆ ತಪ್ಪದೆ ಫೋನು ಮಾಡಿ "ಮಾವಾರ, ಊಟ ಆಯ್ತೇನ್ರಿ" ಎಂದು ಕೇಳುವವಳು ಅವಳೊಬ್ಬಳೇ. ಅಂಥ ಸೊಸೆಗೆ ನಾನು ಇದುವರೆಗೆ ಒಂದು ಒಳ್ಳೆಯ ಮಾತು ಆಡಿಲ್ಲ. ಅದನ್ನೂ ಅವಳಿಗೆ ಹೇಳು. ನನ್ನದು ನಡೆದಿದೆ. ಸಕ್ಕರೆ ಕಾಯಿಲೆ ಇದ್ದೇ ಇದೆ, ಬಲಗಣ್ಣಿನ ಆಪರೇಷನ್ ಆದ ಮೇಲೆ ಅಕ್ಷರ ಚೆನ್ನಾಗಿ ಕಾಣುತ್ತವೆ. ಕಾಣದಿದ್ದರೆ ಈ ಪತ್ರವನ್ನು ಯಾರ ಕೈಯಿಂದಲೋ ಬರೆಸಬೇಕಾಗಿತ್ತು. ಇದು ಬೇರೆಯವರ ಕೈಯಿಂದ ಬರೆಸುವ ಪತ್ರವಲ್ಲ.

ಫೋನು ಇಲ್ಲವೇ ಎಂದು ನೀನು ಕೇಳಬಹುದು. ಹೋದ ವಾರದಿಂದ ಮೂರು ಸಲ ನಿನಗೆ ಫೋನು ಹಚ್ಚಿದೆ. ಎರಡು ಸಲ ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ. ಮೂರನೆಯ ಸಲ ನೀನು "ಹಲೋ, ಯಾರ್ರಿ" ಎಂದೆ. ನನ್ನ ನಂಬರು ನಿನ್ನ ಹತ್ತಿರ ಇಲ್ಲವೆಂದು ಆಗ ತಿಳಿಯಿತು. ಏಳು ವರ್ಷ ಮಾತು ಬಿಟ್ಟವನ ನಂಬರು ಯಾರಾದರೂ ಯಾಕೆ ಇಟ್ಟುಕೊಳ್ಳುತ್ತಾರೆ ಹೇಳು. ಆ ಸಲವೂ ಇಟ್ಟುಬಿಟ್ಟೆ. ಬಾಯಿಂದ ಆಗದ್ದನ್ನು ಮಸಿಯಿಂದ ಮಾಡುವುದೇ ನನ್ನ ನೌಕರಿಯಾಗಿತ್ತಲ್ಲ. ಅದಕ್ಕೇ ಈ ಪತ್ರ.

ಸುದ್ದಿ ಇಷ್ಟು. ನಮ್ಮ ಬಿಳಿ ಕಾರು ಮತ್ತೆ ಚಾಲೂ ಆಗಿದೆ. ನಿನ್ನ ತಂಗಿ ನಾಗರತ್ನಾಳಿಗೆ ಕಡಗಂಚಿಯ ಯೂನಿವರ್ಸಿಟಿ ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ನಿನಗೆ ಗೊತ್ತು. ಜೇವರ್ಗಿಯಲ್ಲಿ ಅವಳ ಗಂಡ ಹೊಲಮನೆ ನೋಡುತ್ತಾನೆ, ಇವಳು ವಾರವೆಲ್ಲ ಇಲ್ಲಿ ನನ್ನ ಹತ್ತಿರ ಇರುತ್ತಾಳೆ. ಎರಡು ಬಸ್ಸು ಬದಲಿಸಿ ಹೋಗಿ ಬಂದು ಸೋತಳು. ನಲವತ್ತು ದಾಟಿದ ಮೇಲೆ ಕಾರು ಓಡಿಸಲು ಕಲಿತು ಬಂದು, ಬೇವಿನ ಗಿಡದ ಕೆಳಗೆ ತಾಡಪತ್ರಿ ಹೊದ್ದು ನಿಂತ ಆ ಕಾರನ್ನು ತೆಗೆಸು ಎಂದು ಗಂಟುಬಿದ್ದಳು. ನಾನು ಒಲ್ಲೆ ಎಂದೆ. ಅದರ ಮೋರೆ ನೋಡಲಾರೆ ಎಂದೆ. "ಕಾರ ಏನ್ ಮಾಡಿತ್ತಪಾ? ಅದರ ಮ್ಯಾಲೂ ಸಿಟ್ಟೇನು?" ಎಂದು ಅವಳೇ ತಾಡಪತ್ರಿ ಎಳೆದಳು. ಒಳಗೆ ಇಲಿ ಮರಿ ಹಾಕಿತ್ತು. ಸೀಟಿನ ಮೇಲೆ ನಿಮ್ಮವ್ವನ ಶಾಲು ಹಾಗೇ ಇತ್ತು. ಅವಳನ್ನು ಮಣ್ಣು ಮಾಡಿದ ಮಾರನೆಯ ದಿನ ನಾನು ಹೊದಿಸಿದ ತಾಡಪತ್ರಿಯನ್ನು ಯಾರೂ ತೆಗೆದಿರಲೇ ಇಲ್ಲ.

ಆಳಂದದಿಂದ ಚಮನಸಾಬ ಬಂದ. ಬಸ್ ಸ್ಟ್ಯಾಂಡಿನ ಹಿಂದೆ ಬ್ಯಾಟರಿ, ವೈರಿಂಗ್ ಕೆಲಸ ಮಾಡುವ ಅದೇ ಚಮನಸಾಬ, ಈಗ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಹಳೇ ಬ್ಯಾಟರಿ ಸತ್ತು ಕಲ್ಲಾಗಿತ್ತು, ಹೊಸದು ಹಾಕಿದ. ಪೆಟ್ರೋಲು ಬದಲಿಸಿ, ಟಾಯರು ಬದಲಿಸಿ, ನಾಲ್ಕು ದಿನ ತೊಳೆದು ಒರೆಸಿ ಚಾವಿ ತಿರುವಿದರೆ ಎರಡನೆಯ ಸಲಕ್ಕೆ ಹಿಡಿಯಿತು. ಡ್ಯಾಶ್‌ಬೋರ್ಡಿನ ಮೇಲೆ ನಮ್ಮ ಮನೆದೇವರು ರೇವಣಸಿದ್ಧನ ಪಟದ ಹಿಂದಿನ ಕೆಂಪು ಬಲ್ಬು ಕೂಡ ಹತ್ತಿತು. "ಅವ್ವನ ದೀಪ ಇನ್ನೂ ಉರೀತದ ಅಪ್ಪಾ" ಎಂದು ನಾಗರತ್ನಾ ಕೈಮುಗಿದಳು. ನಾನೂ ಮುಗಿದೆ. ಮುಗಿದು, ಅಳು ಬರುತ್ತದೆಂದು ಒಳಗೆ ಹೋದೆ.

ನಾಲ್ಕನೆಯ ದಿನ ಬೆಳಗ್ಗೆ ಅವಳು ಕೆಲಸಕ್ಕೆ ಹೊರಟು ಚಾವಿ ತಿರುವಿದರೆ ಟಕ್ ಟಕ್ ಎಂದಷ್ಟೇ ಸದ್ದು. ಆ ಸದ್ದು ಕೇಳಿ ನಾನು ಚಹಾದ ಕಪ್ಪು ಕೆಳಗಿಟ್ಟೆ. ಬಾಯಿ ಮಾತ್ರ ಸುಮ್ಮನಿರಲಿಲ್ಲ ನೋಡು. "ಲೈಟ್ ಚಾಲೂ ಬಿಟ್ಟು ಮಲಗಿರ್ತಿ" ಎಂದೆ. ನಾಗರತ್ನಾ ಕಾರಿನಿಂದ ಇಳಿದು ಬಂದು ನನ್ನ ಮುಂದೆ ನಿಂತಳು. "ಅಣ್ಣಗ ಅಂದ ಮಾತ ನನಗೂ ಅಂತಿಯೇನು ಅಪ್ಪಾ?" ಎಂದಳು. ಅವಳ ಸಿಟ್ಟು ನಿನಗೆ ಗೊತ್ತಲ್ಲ, ಅಪ್ಪನದೇ ಸಿಟ್ಟು. ಚಮನಸಾಬನನ್ನು ಕರೆಸಿ ಬ್ಯಾಟರಿ ಚಾರ್ಜು ಮಾಡಿಸಿದಳು. ಅವನ ಕೈಯಿಂದ ಲೈಟುಗಳ ಫ್ಯೂಸು ಅಷ್ಟೂ ಕೀಳಿಸಿ ನನ್ನ ಅಂಗೈಯಲ್ಲಿಟ್ಟು, "ಇವು ನಿನ್ನ ಕಿಸೆದಾಗ ಇರ್ಲಿ. ಇನ್ನ ಯಾರು ಲೈಟ್ ಹಚ್ತಾರ ನೋಡೂಣು" ಎಂದಳು. ಹಗಲಷ್ಟೇ ಓಡಿಸಿದಳು. ಅಂಗಿ ಬದಲಿಸಿದಾಗಲೂ ಫ್ಯೂಸುಗಳನ್ನು ಆ ಕಿಸೆಯಿಂದ ಈ ಕಿಸೆಗೆ ಹಾಕಿಕೊಂಡೆ. ಶನಿವಾರ, ಭಾನುವಾರ ಕಾರು ನಿಂತಿತ್ತು. ಸೋಮವಾರ ಬೆಳಗ್ಗೆ ಮತ್ತೆ ಟಕ್ ಟಕ್. ಫ್ಯೂಸು ನನ್ನ ಕಿಸೆಯಲ್ಲಿ, ಬ್ಯಾಟರಿ ಖಾಲಿ. ನಾಗರತ್ನಾ ಕಾರಿನ ಬಾಗಿಲು ಹಾಕಿ ಬಸ್ಸು ಹಿಡಿಯಲು ನಡೆದು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ, ಹೋದ ವಾರದ ಮಂಗಳವಾರ, ಚಮನಸಾಬ ಇಡೀ ದಿನ ಇಲ್ಲೇ ಕೂತ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಎಲ್ಲ ನೋಡಿದೆ. ನಿನಗೆ ಗಾಡಿಯ ಕೆಲಸ ಗೊತ್ತಿರುವುದರಿಂದ ಒಂದೊಂದೇ ಬರೆಯುತ್ತೇನೆ, ಆಮೇಲೆ ಅಪ್ಪ ಏನೋ ಕತೆ ಕಟ್ಟಿದ ಎನ್ನಬಾರದು. ಬ್ಯಾಟರಿಯ ತಲೆಗೆ ಕಟ್ಟಿದ ವೈರುಗಳನ್ನು ಬಿಚ್ಚಿ ಉಜ್ಜಿ ಬಿಗಿದ. ಪೂರ್ತಿ ಚಾರ್ಜು ಮಾಡಿ ಮೀಟರು ಹಿಡಿದರೆ ಹನ್ನೆರಡೂವರೆಯ ಮೇಲೆ ಬಂತು, ಬ್ಯಾಟರಿ ಗಟ್ಟಿ ಇದೆ ಎಂದ. ಇಂಜಿನ್ ಚಾಲೂ ಮಾಡಿ ಹಿಡಿದರೆ ಹದಿನಾಲ್ಕು ದಾಟಿತು. "ಡೈನಮೋ ಸುದ್ದಾ ಬರೋಬರಿ ಅದರಿ ಮಾಸ್ತರ. ತುಂಬೂದು ತುಂಬಾಕತ್ತದ. ಎಲ್ಲೋ ಸೋರಾಕತ್ತದ" ಎಂದ. ಇಂಜಿನ್ ಬಂದ್ ಮಾಡಿ, ಚಾವಿ ತೆಗೆದು ನನ್ನ ಕೈಗೆ ಕೊಟ್ಟ. ಬ್ಯಾಟರಿಯ ಕರೇ ವೈರು ಬಿಚ್ಚಿ, ಆ ವೈರಿಗೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬು ಸಿಕ್ಕಿಸಿದ. ಕಾರಿನಲ್ಲಿ ಏನೂ ಚಾಲೂ ಇಲ್ಲದಿದ್ದರೆ ಅದು ಹತ್ತಬಾರದು. ಮಂಕಾಗಿ ಹತ್ತಿತು. ಒಂದೊಂದೇ ಫ್ಯೂಸು ಕಿತ್ತ. ಹಾರ್ನಿನದು, ವೈಪರಿನದು, ಫ್ಯಾನಿನದು. ಆ ಸಣ್ಣ ಬಲ್ಬು ಹಾಗೇ ಉರಿಯಿತು. ಇದ್ದ ಫ್ಯೂಸೆಲ್ಲ ಕಿತ್ತು ಟವೆಲ್ಲಿನ ಮೇಲೆ ಹಾಕಿದ. ಇನ್ನೂ ಉರಿಯುತ್ತಿತ್ತು. "ಅಂದ್ರ ಯಾವುದೋ ವೈರ್ ಫ್ಯೂಸ್ ತಪ್ಪಿಸಿ ಸೀದಾ ಬ್ಯಾಟರಿಗೆ ಹೋಗೇದ" ಎಂದು ಟಾರ್ಚು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ.

ಆಮೇಲೆ ಅಲ್ಲಿಂದಲೇ ಕೇಳಿದ, "ಮಾಸ್ತರ, ಇದು ದೇವರ ದೀಪದ ವೈರ್ ಕಾಣಸ್ತದ. ಕೈ ಹಚ್ಚಲೇನ್ರಿ?" ಮುಟ್ಟು ಎಂದೆ. ಹೊರಗೆ ಬಂದವನ ಕೈಯಲ್ಲಿ ಒಂದು ತೆಳ್ಳನೆಯ ಕೆಂಪು ವೈರಿತ್ತು. ಅದರ ಗಂಟಿಗೆ ಟೇಪಿರಲಿಲ್ಲ. ದಾರ ಸುತ್ತಿ, ಮೇಲೆ ಅರಗು ಹಚ್ಚಿ ಒತ್ತಿತ್ತು. "ಅರಗಿನಲೆ ವೈರ್ ಜೋಡಿಸೋ ಮಿಸ್ತ್ರಿ ಯಾರ್ರಿ ನಿಮ್ಮ ಊರಾಗ?" ಎಂದು ನಗುತ್ತ ಕೇಳಿದ. ನಾನು ನಗಲಿಲ್ಲ. ಅವನ ನಗುವೂ ಅಲ್ಲೇ ನಿಂತಿತು. ಮೂವತ್ತೊಂದು ವರ್ಷ ಟಪಾಲು ಚೀಲದ ಬಾಯಿಗೆ ದಾರ ಸುತ್ತಿ ಅರಗು ಒತ್ತಿದ ಕೈ ಅದು. ಈ ಊರಲ್ಲಿ ಬೇರೆ ಯಾರು ಇದ್ದಾರೆ?

ನಿನಗೆ ನೆನಪಿದೆಯೋ ಇಲ್ಲವೋ. ಆ ವರ್ಷ ಎಳ್ಳಮಾವಾಸ್ಯೆಗೆ ಬೆಳೆಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಕಾರಿನಲ್ಲೇ ಹೋಗಿದ್ದೆವು. ಭಜ್ಜಿ ಪಲ್ಯದ ಡಬರಿ ಸೀಟಿನ ಮೇಲೆ ಚೆಲ್ಲಿತೆಂದು ನೀನು ನಗಾಡಿದ್ದೆ. ಹೊರಡುವ ಮುಂಚೆ ನಿಮ್ಮವ್ವ, "ಗಾಡಿ ಚಾಲೂ ಆದಾಗ ದೇವರ ಮುಂದ ಒಂಚೂರು ಬೆಳಕ ಬರೂವಂಗ ಮಾಡ್ರಿ" ಎಂದಿದ್ದಳು. ಅವಳು ಕೇಳಿದ್ದು ಅಷ್ಟೇ. ಈಗ ತಪ್ಪನ್ನು ಅವಳ ಸೆರಗಿಗೆ ಕಟ್ಟಲಾರೆ. ಎಲ್ಲರ ಕಾರಿನಲ್ಲೂ ದೇವರ ಬಲ್ಬು ಚಾವಿಯ ಜೊತೆ ಹತ್ತಿ ಚಾವಿಯ ಜೊತೆ ಆರುತ್ತದೆ. ನಾನು ದೊಡ್ಡ ಶಹಾಣ್ಯಾ, ಚಾವಿ ತೆಗೆದ ಕೂಡಲೇ ಆರಿದರೆ ಅದೆಂಥ ದೇವರ ದೀಪ, ನಮ್ಮ ಮನೆಯಲ್ಲಿ ನಂದಾದೀಪ ಆರಿದ್ದುಂಟೇ ಎಂದು ಯಾರನ್ನೂ ಕೇಳದೆ ವೈರನ್ನು ಸೀದಾ ಬ್ಯಾಟರಿಗೆ ಕೊಟ್ಟೆ. ನಿಮ್ಮವ್ವ ರೇವಮ್ಮ ನೋಡಿ ಖುಷಿಪಟ್ಟಳು. ಆರನೆಯ ದಿನ ಬೆಳಗಿನ ಐದು ಗಂಟೆಗೆ ಎದೆ ಹಿಡಿದುಕೊಂಡು ಕೂತಳು.

ಮುಂದಿನದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಹಿಂದಿನ ಸಂಜೆ ಆಳಂದಕ್ಕೆ ಹೋಗಿ ಬಂದು ಕಾರು ನಿಲ್ಲಿಸಿದವನು ನೀನು. ನಸುಕಿನಲ್ಲಿ ಚಾವಿ ತಿರುವಿದರೆ ಟಕ್ ಟಕ್. ನೀನು ಬರಿಗಾಲಲ್ಲಿ ಓಡಿಬಂದು, ಓಣಿಯವರನ್ನು ಎಬ್ಬಿಸಿ, ಊರ ಬಾಗಿಲು ಅಗಸಿಯ ತನಕ ಕಾರು ದೂಕಿದೆ. ಹಿಡಿಯಲಿಲ್ಲ. ಒಳಗೆ ಕೂತ ನನಗೆ ಪಟದ ಹಿಂದೆ ಒಂದಿಷ್ಟು ಕೆಂಪು ಬೆಳಕು ಕಾಣುತ್ತಿತ್ತು. ಅದಕ್ಕೇ ಕೈಮುಗಿದು, ನನ್ನ ರೇವಮ್ಮನನ್ನು ಉಳಿಸು ಎಂದು ಬೇಡಿಕೊಂಡೆ. ಗಾಡಿಯ ಜೀವ ಕುಡಿಯುತ್ತಿದ್ದದ್ದು ಅದೇ ಎಂದು ನನಗೇನು ಗೊತ್ತು. ಓಣಿಯ ಮಾಳಿಂಗಪ್ಪನ ಟಂಟಂ ಆಟೋ ಸಿಗುವಷ್ಟರಲ್ಲಿ ಮುಕ್ಕಾಲು ತಾಸು ಹೋಯಿತು. ಕಡಗಂಚಿ ದಾಟುವಾಗ ಅವಳ ತಲೆ ನಿನ್ನ ತೊಡೆಯ ಮೇಲಿತ್ತು. ಕಲಬುರಗಿಯ ಡಾಕ್ಟರು ಅರ್ಧ ತಾಸು ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ ಎಂದರು. 'ಏನೋ' ಎಂದೇ ಅಂದರು ಗುರುಲಿಂಗಾ. ಆ 'ಏನೋ' ನಾನು ಬಿಟ್ಟುಬಿಟ್ಟೆ, ಅರ್ಧ ತಾಸನ್ನಷ್ಟೇ ಹಿಡಿದುಕೊಂಡೆ.

ಅಫಜಲಪುರದಿಂದ, ಜೇವರ್ಗಿಯಿಂದ, ಸೊನ್ನದಿಂದ ಮಣ್ಣಿಗೆ ಬಂದ ಬೀಗರು, ಅಣ್ಣತಮ್ಮಂದಿರು ಎಲ್ಲರ ಎದುರಿಗೆ ನಾನು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ರಾತ್ರಿಯೆಲ್ಲಾ ಲೈಟ್ ಚಾಲೂ ಬಿಟ್ಟು ಮಲಗ್ಯಾನ ಇವ. ಸ್ವಿಚ್ ನಾನ ಬಂದ್ ಮಾಡೇನಿ. ಅವ್ವನ್ನ ಕೊಂದಾಂವ ಇವನ" ಎಂದೆ. ನೀನು "ಬಂದ್ ಮಾಡಿದ್ದೆ ಅಪ್ಪಾ" ಎಂದೆ. ನಾನು ಮತ್ತೊಮ್ಮೆ ಅದನ್ನೇ ಅಂದೆ. ಆಗ ನೀನು "ಬಂದ್ ಮಾಡಿರಬೇಕು" ಎಂದೆ. ಮೂರನೆಯ ಸಲ ನಾನು ಅಂದಾಗ ನೀನು ತಲೆ ತಗ್ಗಿಸಿದೆ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಸಂಜೆ ಶಿವಕಾಂತಾಳನ್ನು ಕರೆದುಕೊಂಡು ಹೊರಟುಹೋದೆ. ತಡೆಯುವುದಿರಲಿ, ನಾನು ಕಟ್ಟೆಯಿಂದ ಏಳಲಿಲ್ಲ.

ವೈರು ಸಿಕ್ಕ ಮೇಲೆ ಚಮನಸಾಬ ನನ್ನ ಮುಖ ನೋಡಿ ಸಮಾಧಾನ ಹೇಳಲು ಹೊರಟ. "ಆವಾಗಿನ ಬ್ಯಾಟರಿ ಹಳೇದಿತ್ರಿ, ಥಂಡಿ ಭಾಳ ಇತ್ತು, ಹಿಂಗಾ ಅಂತ ಹೆಂಗ ಹೇಳೂದು" ಎಂದ. ಇದ್ದದ್ದು ಹೇಳು ಎಂದು ಗದರಿದೆ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಹೌದ್ರಿ ಮಾಸ್ತರ. ಐದಾರು ದಿನ ಹಗಲು ರಾತ್ರಿ ಇದು ಕುಡದದ. ಒಂದ್ ತಾಸ ಓಡಿಸಿದ್ರ ಅದು ತುಂಬೂದಿಲ್ರಿ" ಎಂದ. ಹೊಸ ಬ್ಯಾಟರಿಗೇ ಹೀಗೆ ಮಾಡಿದ್ದು ಹಳೆಯದಕ್ಕೆ ಏನು ಮಾಡಿರಬೇಕು. ನಾಗರತ್ನಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಲ್ಲಿಂದಲೇ, "ಅಣ್ಣ ಈಗಲೂ ಮಿಲ್ಲಿನ ಗಾಡಿ ನಿಲ್ಲಿಸಿ ಮನಿಗೆ ಬಂದು, ಮತ್ತ ಎರಡ ಸಲ ಹೋಗಿ ಲೈಟ್ ಮುಟ್ಟಿ ನೋಡಿ ಬರ್ತಾನಂತ. ಅತ್ತಿಗಿ ಹೇಳ್ಯಾಳ" ಎಂದಳು. ಅದನ್ನು ಕೇಳಿದ ಮೇಲೆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ನಾನು ಆಡಿದ ಮಾತು ನಾನು ಮರೆತು ಉಂಡು ಮಲಗಿದೆ, ನೀನು ಅದನ್ನು ನಿಜವೆಂದು ನಂಬಿ ಏಳು ವರ್ಷ ಬದುಕಿದೆ. ಅವ್ವನನ್ನು ಕೊಂದವನು ನಾನೇ ಎಂದು ತಿಳಿದುಕೊಂಡು ದಿನಾ ಗಾಡಿ ಓಡಿಸಿದೆ. ನನ್ನ ಕೈಯಿಂದ ಎಂಥ ಪಾಪ ಆಯಿತು ಮಗನೇ.

ಆ ಕೆಂಪು ವೈರನ್ನು ಚಮನಸಾಬ ಕಿತ್ತು, ದೀಪವನ್ನು ಚಾವಿಗೆ ಜೋಡಿಸಿಕೊಟ್ಟಿದ್ದಾನೆ. ಅರಗಿನ ಗಂಟು ನನ್ನ ಹತ್ತಿರ ಇದೆ, ನೋಡಬೇಕೆಂದರೆ ತೋರಿಸುತ್ತೇನೆ. ಒಂಬತ್ತು ರಾತ್ರಿ ಕಳೆದವು, ಈ ಹೊತ್ತೂ ನಾಗರತ್ನಾ ಚಾವಿ ತಿರುವಿದಾಗ ಒಂದೇ ಸಲಕ್ಕೆ ಹಿಡಿಯಿತು. ಮುಂದಿನ ಶುಕ್ರವಾರ ಎಳ್ಳಮಾವಾಸ್ಯೆ. ಅಫಜಲಪುರ, ಜೇವರ್ಗಿ, ಸೊನ್ನ, ಅವತ್ತು ಮಣ್ಣಿಗೆ ಬಂದಿದ್ದ ಎಲ್ಲರಿಗೂ ಹೊಲಕ್ಕೆ ಚರಗಕ್ಕೆ ಬನ್ನಿರಿ ಎಂದು ಹೇಳಿಕಳಿಸಿದ್ದೇನೆ. ಯಾರ ಎದುರಿಗೆ ಆ ಮಾತು ಆಡಿದೆನೋ ಅವರ ಎದುರಿಗೇ ಬ್ಯಾಟರಿ ಯಾಕೆ ಇಳಿದಿತ್ತೆಂದು ಹೇಳುತ್ತೇನೆ. ನೀನು ಬಾ ಎಂದು ಅಪ್ಪಣೆ ಮಾಡುವ ಹಕ್ಕು ನನಗೆ ಉಳಿದಿಲ್ಲ. ಬರುವುದಾದರೆ ನಾಗರತ್ನಾ ಕಾರು ತಗೊಂಡು ಆಳಂದದ ಬಸ್ ಸ್ಟ್ಯಾಂಡಿಗೆ ಬರುತ್ತಾಳೆ. ಬರದಿದ್ದರೂ ನಾನು ಹೇಳುವುದನ್ನು ಹೇಳಿಯೇ ಹೇಳುತ್ತೇನೆ.

ಶಿವಕಾಂತಾಳಿಗೆ ನನ್ನ ಆಶೀರ್ವಾದ ತಿಳಿಸು. ನಿನಗೂ ಆಶೀರ್ವಾದ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ತಂದೆಯಲ್ಲವೇ, ಬರೆಯುತ್ತೇನೆ. ನಿನ್ನ ಮೈಗೆ ನೋವಿಲ್ಲದಿರಲಿ, ಮನಸ್ಸಿಗೆ ಹಗುರಾಗಲಿ. ರೇವಣಸಿದ್ಧ ನಿಮ್ಮಿಬ್ಬರನ್ನೂ ನೋಡಿಕೊಳ್ಳಲಿ.

ಇಂತು ನಿನ್ನ ತಂದೆ,
ಬಸವಂತರಾಯ

ತಾ.ಕ.: ಲಕೋಟೆ ಅಂಟಿಸಿ, ಡಬ್ಬಿಗೆ ಹಾಕಲು ಓಣಿಯ ತುದಿಯ ತನಕ ಹೋಗಿ ತಿರುಗಿ ಬಂದೆ. ಮೇಲೆ ಬರೆದದ್ದೆಲ್ಲ ಚಮನಸಾಬ ಕಂಡುಹಿಡಿದದ್ದು, ಇದು ನನಗೊಬ್ಬನಿಗೇ ಗೊತ್ತಿರುವುದು. 'ಸ್ವಿಚ್ ನಾನೇ ಬಂದ್ ಮಾಡಿದೆ' ಎಂದು ಅಂದೆ ಅಂತ ಬರೆದು ಹಾಗೇ ದಾಟಿಹೋಗಿದ್ದೇನೆ. ಅದು ಸುಳ್ಳು. ಅವತ್ತು ಕಾರಿನ ಬಾಗಿಲು ಮೊದಲು ತೆಗೆದವನು ನಾನು. ನೀನು ಇನ್ನೂ ಒಳಗೆ ಅವ್ವನಿಗೆ ನೀರು ಕುಡಿಸುತ್ತಿದ್ದೆ. ದೀಪದ ಸಂಗತಿ ತಿಳಿಯದೆ ಆದದ್ದು, ಇದು ತಿಳಿದೂ ಮಾಡಿದ್ದು. ಅವಳ ಹೆಣದ ಮುಂದೆ ಯಾರನ್ನಾದರೂ ಬೈಯದೆ ನನಗೆ ನಿಲ್ಲಲಾಗಲಿಲ್ಲ, ಎದುರಿಗೆ ನೀನಿದ್ದೆ. ನಾಗರತ್ನಾಳಿಗೂ ಇನ್ನೂ ಹೇಳಿಲ್ಲ, ಮೊದಲು ನಿನಗೆ ಗೊತ್ತಾಗಬೇಕು. ನಾನು ಕಣ್ಣಾರೆ ಕಂಡೆ, ಕೈಯಿಂದ ಮುಟ್ಟಿಯೂ ನೋಡಿದೆ. ಲೈಟಿನ ಸ್ವಿಚ್ ಬಂದ್ ಇತ್ತು ಗುರುಲಿಂಗಾ. ನೀನು ಬಂದ್ ಮಾಡಿಯೇ ಮಲಗಿದ್ದೆ.